ದೇವರ ಪಾದ ಸೇರಿದರು ಅಂದುಬಿಟ್ಟರೆ ಆಯಿತೆ?

ಯುಗಾದಿ ಕಳೆಯಿತೆಂದರೆ ನಮ್ಮ ತೆಂಗಿನ ಸೀಮೆಯಲ್ಲಿ ಜಾತ್ರೆಗಳದೇ ಸಾಲು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ಯಾವ ಬಸ್ಸು ಹತ್ತಿದರೂ ಮಡಿಲಲ್ಲಿ ಹಣ್ಣುಕಾಯಿ ಚೀಲ ಇಟ್ಟುಕೊಂಡ ಹೆಣ್ಣುಮಕ್ಕಳು, ಹೆಗಲ ಮೇಲೆ ಟವೆಲ್ಲು ಹಾಕಿದ ಯಜಮಾನರು. ಕಂಡಕ್ಟರು ಕೂಗುವ ಮುಂಚೆಯೇ ಯಾವ ಊರಲ್ಲಿ ತೇರು ಅಂತ ಗೊತ್ತಾಗುತ್ತದೆ. ಅರಳಗುಪ್ಪೆಯಂಥ ಹಳೇ ಊರುಗಳಲ್ಲಿ ದೇವರ ಲೆಕ್ಕವೇ ಬೇರೆ. ಊರಿಗೊಂದು ಗುಡಿ ಅಲ್ಲ, ಕೇರಿಗೊಂದು ದೇವರು, ದೇವರಿಗೊಂದು ಅಡ್ಡೆ, ಅಡ್ಡೆ ಹೊರುವುದಕ್ಕೆ ವಂಶಪಾರಂಪರ್ಯದ ಹೆಗಲು. ಸೋಮನ ಕುಣಿತ, ಅರೆವಾದ್ಯ, ವೀರಗಾಸೆ, ಕೊಂಡ, ಆರತಿ ಎಲ್ಲಾ ಇದೇ ಬೇಸಗೆಯಲ್ಲಿ. ಬೇಸಾಯಕ್ಕೆ ಬಿಡುವಾದ ಕಾಲ, ಕೈಗೆ ನಾಲ್ಕು ಕಾಸು ಬರುವ ಕಾಲ, ಬೆಂಗಳೂರಿಗೆ ಹೋದ ಮಕ್ಕಳು ರಜ ಹಾಕಿ ಊರಿಗೆ ಬರುವ ಕಾಲ.

ಹಾಗೇ ಬಿಸಿಲು ತಲೆ ಸುಡುವ ಕಾಲವೂ ಇದೇ.

ಜಾತ್ರೆ ಮಾಳದಲ್ಲಿ ಒಬ್ಬರು ಕುಸಿದರೆ ಏನೇನು ನಡೆಯುತ್ತದೆ ಅನ್ನುವುದನ್ನು ಓದುಗರಿಗೆ ನಾವು ಹೇಳಬೇಕಾಗಿಲ್ಲ. ಮೊದಲು ಸುತ್ತ ಐವತ್ತು ಜನ ಗುಂಪು ಕಟ್ಟುತ್ತಾರೆ. ಬರುವ ಗಾಳಿಯೂ ನಿಲ್ಲುತ್ತದೆ. ಒಬ್ಬರು ಕಬ್ಬಿಣದ ಬೀಗದ ಕೈ ಹುಡುಕುತ್ತಾರೆ, ಇನ್ನೊಬ್ಬರು ಈರುಳ್ಳಿ ತರಿಸುತ್ತಾರೆ, ಮತ್ತೊಬ್ಬರು ಬಾಯಿಗೆ ಬಲವಂತವಾಗಿ ನೀರು ಬಿಡುತ್ತಾರೆ. ‘ಮೈಮೇಲೆ ದೇವರು ಬಂದದೆ, ಮುಟ್ಟಬೇಡ್ರೋ’ ಅಂತ ಒಂದು ದನಿ. ಅಷ್ಟರಲ್ಲಿ ಯಾರದೋ ಕಾರು ಬರುತ್ತದೆ, ಆ ಕಾರಿಗೆ ದಾರಿ ಬಿಡುವುದಕ್ಕೆ ಕಾಲು ಗಂಟೆ ಆಗುತ್ತದೆ. ಸಾಯಂಕಾಲದ ಹೊತ್ತಿಗೆ ಅಂಗಡಿ ಸಾಲಿನಲ್ಲಿ ಮಾತು ಶುರು: ‘ಹಾರ್ಟ್ ಅಟ್ಯಾಕಂತೆ.’ ‘ಬಿಡಪ್ಪ, ಎಲ್ಲಾರಿಗೂ ಸಿಕ್ಕದಾ ಇಂಥ ಸಾವು, ತೇರಿನ ದಿನಾನೇ ದೇವ್ರ ಪಾದ ಸೇರ್ಕಂಡ್ರು, ಪುಣ್ಯವಂತ್ರು.’ ಮೂರನೇ ದಿನ ಬಸ್ ಸ್ಟಾಂಡಿನ ಹತ್ತಿರ ಒಂದು ಫ್ಲೆಕ್ಸು ಏಳುತ್ತದೆ. ಹೋದವರ ಫೋಟೋ ಅಂಗೈಯಷ್ಟು, ಶ್ರದ್ಧಾಂಜಲಿ ಕೋರುವವರ ಫೋಟೋ ಮೊಳದುದ್ದ. ಮುಂದಿನ ವರ್ಷ ಅದೇ ತಿಥಿ, ಅದೇ ಲಗ್ನ, ಅದೇ ಬಿಸಿಲು.

ಈ ‘ಪುಣ್ಯವಂತ್ರು’ ಅನ್ನುವ ಮಾತಿನ ಬಗ್ಗೆ ನಮಗೆ ತಕರಾರಿಲ್ಲ. ದುಃಖದಲ್ಲಿರುವ ಮನೆಯವರಿಗೆ ಅದು ಒಂದು ಸಮಾಧಾನ. ಆದರೆ ಸಮಾಧಾನಕ್ಕೆ ಆಡಿದ ಮಾತನ್ನೇ ಪಂಚಾಯ್ತಿಯವರು, ಗುಡಿ ಕಮಿಟಿಯವರು, ತಾಲ್ಲೂಕು ಕಚೇರಿಯವರು ರಶೀತಿ ಥರ ಇಟ್ಟುಕೊಂಡುಬಿಟ್ಟರೆ ಹೇಗೆ? ದೇವರು ಕರೆಸಿಕೊಂಡರೆ ಕಮಿಟಿಯವರದ್ದೇನು ತಪ್ಪು, ಅಲ್ಲವೆ?

ನಮ್ಮ ಕಡೆ ಸಾವಿಗೆ ಇರುವಷ್ಟು ಕಟ್ಟುಕಟ್ಟಳೆ ಬೇರೆ ಯಾವುದಕ್ಕೂ ಇಲ್ಲ. ಊರಲ್ಲಿ ಹೆಣ ಇದ್ದರೆ ಗುಡಿ ಬಾಗಿಲು ತೆಗೆಯುವುದಿಲ್ಲ, ಗಂಟೆ ಬಾರಿಸುವುದಿಲ್ಲ. ತಮಟೆ ನಿಲ್ಲುತ್ತದೆ. ಮಣ್ಣಾದ ಮೇಲೆ ಗುಡಿ ತೊಳೆದು ಪೂಜೆ. ಅಣ್ಣತಮ್ಮಂದಿರ ಮನೆಗಳಿಗೆಲ್ಲಾ ಸೂತಕ, ಅವರು ಹನ್ನೊಂದು ದಿನ ಆರತಿ ತರುವ ಹಾಗಿಲ್ಲ, ಅಡ್ಡೆಗೆ ಹೆಗಲು ಕೊಡುವ ಹಾಗಿಲ್ಲ. ಸಾರು ಹಾಕುವ ಮುಂಚೆ ಸಾವಾದರೆ ಹಬ್ಬ ಮುಂದಕ್ಕೆ ಹೋಗುತ್ತದೆ. ಕಂಕಣ ಕಟ್ಟಿದ ಮೇಲೆ ಸಾವಾದರೆ ಹಬ್ಬ ನಿಲ್ಲಿಸುವ ಹಾಗಿಲ್ಲ, ಕಂಕಣ ಕಟ್ಟಿದವರಿಗೆ ಸೂತಕ ತಟ್ಟುವುದಿಲ್ಲ ಅನ್ನುತ್ತಾರೆ. ಆಗ ವಾಲಗ ತಗ್ಗಿಸಿ, ಪಟಾಕಿ ಬಿಟ್ಟು, ಮದ್ದು ಹಾರಿಸದೆ, ಮಾಡಬೇಕಾದ ಶಾಸ್ತ್ರವಷ್ಟನ್ನು ಮಾಡಿ ಮುಗಿಸುವುದು. ಸತ್ತವರ ಮನೆಗೆ ಆವತ್ತು ಊರೇ ಅನ್ನ ಕಳಿಸುತ್ತದೆ. ಊರಿಂದ ಊರಿಗೆ ಚೂರುಪಾರು ವ್ಯತ್ಯಾಸ ಇರಬಹುದು, ಹಿರಿಯರು ಕೂತು ಒಂದು ಗಂಟೆ ವಾದ ಮಾಡಬಹುದು, ಆದರೆ ಯಾರಿಗೂ ಏನು ಮಾಡಬೇಕು ಅಂತ ತೋಚದೆ ಹೋಗುವುದಿಲ್ಲ.

ನೋಡಿ, ಇಷ್ಟು ಸೂಕ್ಷ್ಮ ಇರುವ ಜನ ನಾವು. ಒಬ್ಬರು ಹೋದರೆ ದೇವರನ್ನೂ ಒಳಗೆ ಕೂರಿಸುವ ಜನ. ಸಾವಿನ ಮನೆಗಾಗಿ ಹಬ್ಬವನ್ನೇ ಮುಂದಕ್ಕೆ ಹಾಕುವುದಕ್ಕೆ ಶಾಸ್ತ್ರ ಅಡ್ಡ ಬರುವುದಿಲ್ಲ. ಆ ಸಾವು ಆಗದ ಹಾಗೆ ತೇರನ್ನು ನಾಲ್ಕು ಗಂಟೆ ಹೊತ್ತು ಮುಂದಕ್ಕೆ ಹಾಕಿ ಅಂದರೆ ಮಾತ್ರ ‘ಶಾಸ್ತ್ರ ಕೆಡ್ತದೆ ಸ್ವಾಮಿ’ ಅನ್ನುತ್ತಾರೆ. ಇದು ನಮಗೆ ಅರ್ಥವಾಗದ ಸಂಗತಿ.

ಶೋಕ ಅಂದರೆ ಹೇಗಿರಬೇಕು ಎಂಬುದಕ್ಕೆ ನಮ್ಮ ಜಿಲ್ಲೆ ದೂರ ಹೋಗಬೇಕಾಗಿಲ್ಲ. 2019ರ ಜನವರಿ 21ರಂದು ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 111ನೇ ವಯಸ್ಸಿನಲ್ಲಿ ಶಿವೈಕ್ಯರಾದರು. ಹುಡುಗರ ಊಟ ಆದ ಮೇಲೆಯೇ ಸುದ್ದಿ ತಿಳಿಸಬೇಕು ಅಂತ ಅವರೇ ಹೇಳಿದ್ದರೆಂದು ಆಗ ಎಲ್ಲಾ ಪತ್ರಿಕೆಗಳಲ್ಲೂ ಬಂದಿತ್ತು. ಮಠದ ಸಾವಿರಾರು ಮಕ್ಕಳು ಹಸಿದುಕೊಂಡು ಅಳಬಾರದು, ಅಷ್ಟೆ. ಮಾರನೆಯ ದಿನ ದರ್ಶನಕ್ಕೆ ಲಕ್ಷಗಟ್ಟಲೆ ಜನ ಬಂದರು, ತಿಪಟೂರಿನಿಂದ ಹೋದ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರಲಿಲ್ಲ. ಬಂದವರಿಗೆ ದಾಸೋಹ ನಡೆಯಿತು. ಆರು ವಾರಕ್ಕೆ ಮಾರ್ಚ್ 4ರ ಶಿವರಾತ್ರಿ ಬಂತು. ಹೋದವರಿಗೆ ಕೊಡುವ ಮರ್ಯಾದೆಯೂ ಇರುವವರ ಹೊಟ್ಟೆ ನೆತ್ತಿ ನೋಡುವುದೂ ಒಂದೇ ಕೆಲಸದ ಎರಡು ಭಾಗ ಅಂತ ಅಲ್ಲಿ ಯಾರೂ ಭಾಷಣ ಮಾಡಲಿಲ್ಲ, ಮಾಡಿ ತೋರಿಸಿದರು.

ತೇರು ಬಿದ್ದರೆ ಸುದ್ದಿ. 2025ರ ಮಾರ್ಚ್ 22ರಂದು ಆನೇಕಲ್ ತಾಲ್ಲೂಕು ಹುಸ್ಕೂರಿನ ಮದ್ದೂರಮ್ಮನ ಜಾತ್ರೆಯಲ್ಲಿ ಗಾಳಿಗೆ ಎತ್ತರದ ತೇರು ಉರುಳಿ ಸಾವಾದಾಗ ದೇಶಕ್ಕೆಲ್ಲಾ ಗೊತ್ತಾಯಿತು. ಅದೇ ವರ್ಷ ಸೆಪ್ಟೆಂಬರ್ 12ರ ರಾತ್ರಿ ಪಕ್ಕದ ಹಾಸನ ಜಿಲ್ಲೆಯ ಮೊಸಳೆಹೊಸಹಳ್ಳಿಯಲ್ಲಿ ಗಣಪತಿ ಮೆರವಣಿಗೆಗೆ ಲಾರಿ ನುಗ್ಗಿತು. ಕುಣಿಯುತ್ತಿದ್ದ ಎಳೇ ಹುಡುಗರು ಹೋದರು. ಆ ಸುದ್ದಿ ಓದಿ ಕಣ್ಣೀರು ಹಾಕದ ಮನೆ ನಮ್ಮ ಕಡೆ ಇರಲಿಲ್ಲ. ಅಂಥದ್ದಕ್ಕೆ ಮಂತ್ರಿಗಳು ಬರುತ್ತಾರೆ, ಪರಿಹಾರ ಬರುತ್ತದೆ, ತನಿಖೆಯೂ ಬರುತ್ತದೆ.

ಬಿಸಿಲಿಗೆ ಬಿದ್ದರೆ ಯಾರೂ ಬರುವುದಿಲ್ಲ. ಬಿಸಿಲು ಲಾರಿ ಅಲ್ಲ, ನಂಬರ್ ಪ್ಲೇಟು ಇರುವುದಿಲ್ಲ. ಸತ್ತವರ ಮೈಮೇಲೆ ಗಾಯವೂ ಇರುವುದಿಲ್ಲ. ಡಾಕ್ಟರು ಹೃದಯಾಘಾತ ಅಂತ ಬರೆದರೆ ಅದೂ ಸುಳ್ಳಲ್ಲ, ಕಡೆಗೆ ನಿಲ್ಲುವುದು ಹೃದಯವೇ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳಲ್ಲಿ ಬಿಸಿಲು 46.8 ಡಿಗ್ರಿಗೆ ಹೋಯಿತು. ಆ ತಿಂಗಳು ಮಾಮೂಲಿಗಿಂತ ಎಷ್ಟು ಜನ ಹೆಚ್ಚು ಸತ್ತರು ಅಂತ ಆಮೇಲೆ ತಜ್ಞರು ಕೂತು ಜನನ ಮರಣದ ರಿಜಿಸ್ಟರು ತೆಗೆದು ಲೆಕ್ಕ ಹಾಕಿದರೆ 1,344 ಬಂತು. ಲೆಕ್ಕ ಹಾಕುವ ತನಕ ಅವರೆಲ್ಲಾ ಬೇರೆ ಬೇರೆ ಕಾಯಿಲೆಯಲ್ಲಿ ಹೋದವರೇ. ಆ ಲೆಕ್ಕ ನೋಡಿದ ಮೇಲೆ 2013ರಲ್ಲಿ ಆ ನಗರಸಭೆ ಬಿಸಿಲಿಗೆ ಅಂತಲೇ ಒಂದು ಯೋಜನೆ ಮಾಡಿತು.

ಜನ ಸೇರಿದ ಕಡೆ ಬಿಸಿಲು ಏನು ಮಾಡುತ್ತದೆ ಅನ್ನುವುದಕ್ಕೂ ಉದಾಹರಣೆಗೆ ಬರವಿಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರ್‌ನಲ್ಲಿ ಪ್ರಶಸ್ತಿ ಸಮಾರಂಭಕ್ಕೆ ಬಂದು ಬಯಲಿನಲ್ಲಿ ಕೂತ ಭಕ್ತರಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. ವೇದಿಕೆಯ ಮೇಲೆ ನೆರಳಿತ್ತು, ಕೆಳಗಿರಲಿಲ್ಲ. 2024ರ ಅಕ್ಟೋಬರ್ 6ರಂದು ಮದರಾಸಿನ ಮರೀನಾ ಬೀಚಿನಲ್ಲಿ ವಿಮಾನದ ಆಟ ನೋಡಲು ಹೋದ 5 ಜನ ಮನೆಗೆ ಬರಲಿಲ್ಲ. ಆಟದ ಹೊತ್ತು ಬೆಳಗ್ಗೆ 11ರಿಂದ ಮಧ್ಯಾಹ್ನ 1. ಅದೇ ವರ್ಷದ ಜೂನಿನಲ್ಲಿ ಹಜ್ ಯಾತ್ರೆಯಲ್ಲಿ ಸತ್ತವರು 1,301 ಅಂತ ಸೌದಿ ಸರಕಾರವೇ ಹೇಳಿತು, ಮೆಕ್ಕಾದಲ್ಲಿ ಆಗ ಬಿಸಿಲು 50 ಡಿಗ್ರಿ ದಾಟಿತ್ತು. ದೇವರು ಯಾವುದಾದರೇನು, ಬಿಸಿಲಿಗೆ ಜಾತಿ ಇಲ್ಲ.

‘ಅಲ್ಲಿ ಐವತ್ತು ಡಿಗ್ರಿ, ನಮ್ಮಲ್ಲಿ ಎಲ್ಲಿ ಅಷ್ಟು?’ ಎಂಬುದು ಕಮಿಟಿಯವರ ಮೊದಲ ಪ್ರಶ್ನೆ. ಒಪ್ಪಿದೆವು. ನಮ್ಮದು ಎತ್ತರದ ಸೀಮೆ, ರಾಯಚೂರು ಕಲಬುರಗಿಯ ಹಾಗೆ ಕಾಯುವುದಿಲ್ಲ. ಹವಾಮಾನ ಇಲಾಖೆ ಬಯಲು ಸೀಮೆಯಲ್ಲಿ ಶಾಖದ ಅಲೆ ಅಂತ ಸಾರಬೇಕಾದರೆ 40 ಡಿಗ್ರಿ ಮುಟ್ಟಬೇಕು. ನಮ್ಮಲ್ಲಿ 37, 38ಕ್ಕೇ ಜನ ಉಸ್ಸಪ್ಪಾ ಅನ್ನುತ್ತಾರೆ, ಆದರೆ ಸಾರುವವರು ಯಾರೂ ಇಲ್ಲ. ಬೆಂಗಳೂರಿಗೇ 2024ರ ಏಪ್ರಿಲ್ 28ರಂದು 38.5 ಬಂತಲ್ಲ! ಮತ್ತೊಂದು ಮಾತು. ರೇಡಿಯೋದಲ್ಲಿ ಹೇಳುವ ಡಿಗ್ರಿ ನೆರಳಿನಲ್ಲಿ, ಗಾಳಿಯಾಡುವ ಪೆಟ್ಟಿಗೆಯೊಳಗೆ ಇಟ್ಟ ಥರ್ಮಾಮೀಟರಿನದು. ಜಾತ್ರೆ ಮಾಳ ಪೆಟ್ಟಿಗೆ ಅಲ್ಲ. ಮೇಲೆ ಬಿಸಿಲು, ಬರಿಗಾಲಿನ ಕೆಳಗೆ ಕಾದ ಮಣ್ಣು, ಸುತ್ತ ಜನ. ಮನುಷ್ಯ ಸುಮ್ಮನೆ ಕೂತಿದ್ದರೂ ಅವನ ಮೈಯಿಂದ ಹಳೇ ಕಾಲದ ನೂರು ಕ್ಯಾಂಡಲ್ ಬಲ್ಬಿನಷ್ಟು ಶಾಖ ಹೊರಡುತ್ತಿರುತ್ತದೆ. ಮಿಣಿ ಹಿಡಿದು ತೇರೆಳೆಯುವಾಗ, ಅಡ್ಡೆ ಹೊತ್ತು ಕುಣಿಯುವಾಗ ಅದು ನಾಲ್ಕೈದು ಪಟ್ಟು. ಇಂಥ ಸಾವಿರ ಬಲ್ಬನ್ನು ಒತ್ತೊತ್ತಾಗಿ ನಿಲ್ಲಿಸಿ ಗಾಳಿ ಕಟ್ಟಿದರೆ ಬೆವರು ಸುರಿಯುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಶಾಖದ ಅಲೆ ಅಂತ ಯಾರೂ ಸಾರದ ದಿನವೂ ಜನ ಬೀಳುವುದು ಹೀಗೆ.

ಬೀಳುವವರು ಯಾರು? ವಯಸ್ಸಾದವರು ಸರಿ. ಬೀಪಿಗೆ ನೀರಿಳಿಸುವ ಮಾತ್ರೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಯವರು, ಬಸುರಿ ಬಾಣಂತಿಯರು, ಸರಿ. ಆದರೆ ಗಟ್ಟಿಮುಟ್ಟು ಹುಡುಗರೂ ಬೀಳುತ್ತಾರೆ. ಬಿಸಿಲಿಗೆ ಮೈ ಒಗ್ಗುವುದಕ್ಕೆ ಒಂದೆರಡು ವಾರ ಬೇಕು. ದಿನಾ ತೋಟದಲ್ಲಿ ಕಾಯಿ ಸುಲಿಯುವವನ ಮೈ ಒಗ್ಗಿರುತ್ತದೆ. ಬೆಂಗಳೂರಿನ ತಣ್ಣನೆಯ ಆಫೀಸಿನಲ್ಲಿ ವರ್ಷಪೂರ್ತಿ ಕೂತು, ಹಿಂದಿನ ರಾತ್ರಿ ನಿದ್ದೆಗೆಟ್ಟು ಬಸ್ಸಿನಲ್ಲಿ ಬಂದು, ಬೆಳಗ್ಗೆ ಒಪ್ಪತ್ತು ಅಂತ ನೀರೂ ಮುಟ್ಟದೆ, ಮಧ್ಯಾಹ್ನ ‘ನಮ್ಮ ತಾತನ ಕಾಲದಿಂದ ನಮ್ದೇ ಹೆಗಲು’ ಅಂತ ಅಡ್ಡೆಗೆ ನಿಲ್ಲುವ ಹುಡುಗನ ಮೈ ಒಗ್ಗಿರುವುದಿಲ್ಲ. ಅವನ ಅಭಿಮಾನ ದೊಡ್ಡದು, ನಿಜ. ಜತೆಗೆ ಯಾರೋ ಗೆಳೆಯರು ಒಂದು ಕ್ವಾರ್ಟರು ಕುಡಿಸಿದ್ದರೆ ಮುಗಿಯಿತು ಕತೆ. ಈ ಕೊನೆಯ ವಿಷಯ ಎಲ್ಲರಿಗೂ ಗೊತ್ತು, ಯಾರೂ ಮೈಕಿನಲ್ಲಿ ಹೇಳುವುದಿಲ್ಲ. ನಾವು ಬರೆದಿದ್ದೇವೆ.

ಈಗ ಮುಖ್ಯವಾದ ತೊಡಕಿಗೆ ಬರೋಣ. ಯಾವ ಜಾತ್ರೆಯ ಕರಪತ್ರ ತೆಗೆದರೂ ನೋಡಿ: ‘ಮಧ್ಯಾಹ್ನ 12 ಗಂಟೆಗೆ ಸಲ್ಲುವ ಅಭಿಜಿನ್ ಲಗ್ನದಲ್ಲಿ ಶ್ರೀಯವರ ಬ್ರಹ್ಮರಥೋತ್ಸವ.’ ಸೂರ್ಯ ನೆತ್ತಿಗೆ ಬರುವ ಹೊತ್ತೇ ಅಭಿಜಿನ್. ಯಾವ ದೋಷವೂ ಇಲ್ಲದ ಮುಹೂರ್ತ ಅಂತ ಜೋಯಿಸರು ಇಟ್ಟುಕೊಡುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ 12 ಗಂಟೆಗೆ ಅಂದದ್ದು 12ಕ್ಕೆ ಆಗುತ್ತದೆಯೆ? ಶಾಸಕರು ಬರಬೇಕು. ಅವರಿಗೆ ಹಾರ ಹಾಕಬೇಕು. ಒಂದೂವರೆ, ಎರಡಾದರೂ ಹಗ್ಗ ಮುಟ್ಟಿರುವುದಿಲ್ಲ. ಜನ ಹನ್ನೊಂದರಿಂದ ನಿಂತಿರುತ್ತಾರೆ. ಶಾಸಕರಿಗಾಗಿ ಕೆಡದ ಲಗ್ನ ಮುದುಕಿಯ ಪ್ರಾಣಕ್ಕಾಗಿ ಕೆಡುತ್ತದೆ ಅನ್ನುವುದನ್ನು ನಂಬುವುದು ಕಷ್ಟ.

ಲಗ್ನ ಬಿಡಿ ಅಂತ ನಾವು ಹೇಳುತ್ತಿಲ್ಲ. ಲಗ್ನಕ್ಕೆ ಸರಿಯಾಗಿ ಪೂಜೆ ಮಾಡಿ, ಕಾಯಿ ಒಡೆದು, ತೇರನ್ನು ನಾಲ್ಕು ಮಾರು ಎಳೆದು ನಿಲ್ಲಿಸಲಿ. ಶಾಸ್ತ್ರ ಆಯಿತು. ಜನ ನೆರಳಿಗೆ ಹೋಗಿ ಊಟ ಮಾಡಲಿ. ಹೊತ್ತು ಇಳಿದ ಮೇಲೆ, ಐದು ಗಂಟೆಗೆ, ಪೂರ್ತಿ ಬೀದಿ ಎಳೆಯಲಿ. ಅಂಗಡಿಯವರಿಗೂ ಇದರಿಂದ ಲಾಭವೇ. ಜನ ಮೂರು ಗಂಟೆಗೇ ಬಸ್ಸಿಗೆ ಓಡುವುದಿಲ್ಲ, ಸಂಜೆ ತನಕ ಪೇಟೆ ಸಾಲಿನಲ್ಲಿ ಓಡಾಡುತ್ತಾರೆ.

ಇದು ಹೊಸದಾಗಿ ಹುಟ್ಟಿಸಿದ ಮಾತಲ್ಲ. ಕೊಪ್ಪಳದ ಗವಿಸಿದ್ಧೇಶ್ವರನ ತೇರು ಜನವರಿಯ ಚಳಿಯಲ್ಲೂ ಸಂಜೆಗೇ ಎಳೆಯುವುದು, ಲಕ್ಷಾಂತರ ಜನ ಸೇರುತ್ತಾರೆ. ಬೆಂಗಳೂರು ಕರಗ ಚೈತ್ರದ ಹುಣ್ಣಿಮೆ ರಾತ್ರಿ ಹೊರಡುತ್ತದೆ. ಮೇಲುಕೋಟೆಯ ವೈರಮುಡಿಯೂ ಇದೇ ಬೇಸಗೆಯ ಬಾಗಿಲಲ್ಲಿ, ರಾತ್ರಿಯೇ. ಅವಕ್ಕೆಲ್ಲಾ ಅವುಗಳದೇ ಕಾರಣ, ಕತೆ ಇವೆ, ಬಿಸಿಲಿಗೆ ಹೆದರಿ ಮಾಡಿದ್ದಲ್ಲ. ಆದರೆ ರಾತ್ರಿ ಹೊತ್ತು ದೇವರು ಹೊರಗೆ ಬಂದರೆ ಮೈಲಿಗೆಯಾಗುವುದಿಲ್ಲ ಅನ್ನುವುದಂತೂ ಖಾತ್ರಿ. ನಮ್ಮ ಊರುಗಳ ಕೊಂಡವನ್ನೇ ತೆಗೆದುಕೊಳ್ಳಿ. ಕೆಂಡ ಹಾಯುವುದು ಬಹಳ ಕಡೆ ಬೆಳಗಿನ ಜಾವ. ಹಿರಿಯರು ದಡ್ಡರಲ್ಲ.

ಇನ್ನೊಂದು ಸಂಗತಿ ಕೇಳಿ, ನಗಬೇಕೋ ಅಳಬೇಕೋ ನೀವೇ ಹೇಳಿ. ಎತ್ತು, ಕೋಣ, ಕುದುರೆ, ಕತ್ತೆಗಳ ದುಡಿಮೆ ಬಗ್ಗೆ ಕೇಂದ್ರ ಸರಕಾರದ 1965ರ ನಿಯಮ ಒಂದಿದೆ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರ ತನಕ ಅವುಗಳನ್ನು ಗಾಡಿಗೆ ಕಟ್ಟುವ ಹಾಗಿಲ್ಲ, ಬೆನ್ನ ಮೇಲೆ ಹೇರುವ ಹಾಗಿಲ್ಲ. ಕೇರಳದಲ್ಲಿ ಆನೆಗಳಿಗೆ 2012ರ ನಿಯಮ: ಬೆಳಗ್ಗೆ 11ರಿಂದ ಮಧ್ಯಾಹ್ನ ಮೂರೂವರೆ ತನಕ ಮೆರವಣಿಗೆ ಕೂಡದು. ಅಂದರೆ ಸಿದ್ಧಗಂಗೆ ದನಗಳ ಜಾತ್ರೆಗೆ ಹೋದ ಹಳ್ಳಿಕಾರ್ ಜೋಡಿಗೆ ಬಿಸಿಲಿನಿಂದ ಕಾನೂನಿನ ರಕ್ಷಣೆ ಇದೆ. ಅದನ್ನು ಹಿಡಿದುಕೊಂಡು ಹೋದ ರೈತ ಮಧ್ಯಾಹ್ನ ತೇರಿನ ಮಿಣಿ ಹಿಡಿದರೆ ಕೇಳುವವರಿಲ್ಲ! ಸರಕಾರಿ ನೌಕರರಿಗೂ ಇದೆ: ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಕಚೇರಿ ಬೆಳಗ್ಗೆ 8ರಿಂದ ಒಂದೂವರೆಗೇ ಮುಗಿಯುವ ಪದ್ಧತಿ ಬಹಳ ವರ್ಷಗಳದು. ಫೈಲುಗಳು ಬಿಸಿಲಿಗೆ ಹೊತ್ತು ಬದಲಾಯಿಸಬಹುದು, ತೇರು ಯಾಕೆ ಬದಲಾಯಿಸಬಾರದು?

ನೆರಳಿನ ಮಾತು. ಅರಳಗುಪ್ಪೆಗೆ ಹೋದವರು ಕಲ್ಲೇಶ್ವರನ ಗುಡಿಯೊಳಗೆ ಒಂದು ನಿಮಿಷ ನಿಂತು ನೋಡಲಿ. ಒಂಬತ್ತನೇ ಶತಮಾನದ ಗುಡಿ. ತಲೆ ಎತ್ತಿದರೆ ಚಾವಣಿಯಲ್ಲಿ ಕುಣಿಯುವ ಶಿವ, ಸುತ್ತ ಎಂಟು ದಿಕ್ಕಿನ ದೇವತೆಗಳು. ನೋಡುವುದಕ್ಕೆ ಹೊರದೇಶದವರು ಬರುತ್ತಾರೆ. ಶಿಲ್ಪ ಇರಲಿ, ಆ ಕಲ್ಲಿನ ತಂಪು ನೋಡಿ. ಹೊರಗೆ ಕಾದ ಬಾಣಲೆ, ಒಳಗೆ ಮಡಕೆ ನೀರಿನ ತಂಪು. ಹಿಂದಿನವರು ಗುಡಿ ಕಟ್ಟಿದರೆ ಮಂಟಪ ಕಟ್ಟಿದರು, ಕೆರೆ ಕಟ್ಟಿದರು, ಅಶ್ವತ್ಥಕಟ್ಟೆ ಹಾಕಿದರು. ನಾವು ಬಿ.ಎಚ್. ರಸ್ತೆ ಅಗಲ ಮಾಡುವಾಗ ಸಾಲುಮರ ಕಡಿದೆವು, ಜಾತ್ರೆ ಮಾಳದಲ್ಲಿ ತಗಡಿನ ಶೀಟು ಹೊದಿಸಿದೆವು. ತಗಡಿನ ಕೆಳಗೆ ಕೂತವರು ನೆರಳಿನಲ್ಲಿದ್ದೇವೆ ಅಂದುಕೊಂಡೇ ಬೇಯುತ್ತಾರೆ. ತೆಂಗಿನ ಸೀಮೆಯಲ್ಲಿ ಹುಟ್ಟಿ ಗರಿಗೆ ಬರವೆ ಸ್ವಾಮಿ? ಹೆಣೆದ ಸೋಗೆಯ ಚಪ್ಪರ ಹಾಕಿ, ಬೆಳಗ್ಗೆ ಒಂದು ಸಲ, ಹನ್ನೆರಡಕ್ಕೆ ಒಂದು ಸಲ ಮೇಲೆ ನೀರು ಚಿಮುಕಿಸಿದರೆ ತಗಡಿಗೂ ಅದಕ್ಕೂ ಇರುವ ವ್ಯತ್ಯಾಸ ಕೆಳಗೆ ಕೂತವರೇ ಹೇಳುತ್ತಾರೆ. ಬೆಂಕಿಯ ಭಯ ಇದೆ, ಅಡುಗೆ ಒಲೆ, ಪಟಾಕಿ ದೂರ ಇಡಬೇಕು. ಅದು ದೊಡ್ಡ ಕೆಲಸವಲ್ಲ.

ಹಾಗೇ ಅರವಟ್ಟಿಗೆ. ದಾರಿಹೋಕರಿಗೆ ನೀರು, ನೀರುಮಜ್ಜಿಗೆ ಇಡುವುದು ನಮ್ಮ ಕಡೆಯ ಹಳೇ ಪುಣ್ಯದ ಕೆಲಸ. ರಾಮನವಮಿಯ ಪಾನಕ ಮಜ್ಜಿಗೆ ಕೋಸಂಬರಿಯ ಹಿಂದೆ ಬೇಸಗೆಯ ಅನುಭವವೇ ಇದೆ. ಬೆಲ್ಲದ ನೀರು, ಉಪ್ಪು ಬೆರೆಸಿದ ಮಜ್ಜಿಗೆ: ಈಗ ಆಸ್ಪತ್ರೆಯವರು ಪೊಟ್ಟಣದಲ್ಲಿ ಕೊಡುವ ಓಆರ್‌ಎಸ್ ಅನ್ನುವುದು ಇದರ ಲೆಕ್ಕಾಚಾರದ ರೂಪ, ಅಷ್ಟೆ. ಮನೆಯಲ್ಲೇ ಮಾಡಬೇಕಾದರೆ ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ‘ನಮ್ಮಲ್ಲಿ ಎಳನೀರು ಇಲ್ಲವೆ’ ಅಂತ ನಮ್ಮ ರೈತರು ಎದೆ ತಟ್ಟಿ ಹೇಳುತ್ತಾರೆ. ಒಳ್ಳೆಯದೇ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆ. ಮೈ ತೊಯ್ಯುವಂತೆ ಬೆವತವರು ಎಳನೀರಿನ ಜತೆ ಉಪ್ಪಿನ ಮಜ್ಜಿಗೆಯನ್ನೋ, ಉಪ್ಪು ಹಾಕಿದ ನಾಲ್ಕು ತುತ್ತನ್ನೋ ತೆಗೆದುಕೊಳ್ಳಬೇಕು. ಕಿಡ್ನಿ ಕಾಯಿಲೆಯವರು ಡಾಕ್ಟರನ್ನು ಕೇಳದೆ ಎಳನೀರು ಕುಡಿಯಬಾರದು, ಇದು ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. (ಜಾತ್ರೆ ದಿನ ಎಳನೀರಿನ ಬೆಲೆ ಏರಿಸುವ ಪುಣ್ಯಾತ್ಮರ ಬಗ್ಗೆ ಇನ್ನೊಂದು ದಿನ ಬರೆಯುತ್ತೇವೆ. ತೋಟದಲ್ಲಿ ಮರ ಇರುವುದು ಅವರಿಗೂ ಗೊತ್ತು, ನಮಗೂ ಗೊತ್ತು.)

ಅಂಗಡಿ ಮಾಲೀಕರಲ್ಲಿ ಒಂದು ಅರಿಕೆ. ಅಂಗಡಿ ಮುಂದೆ ಒಂದು ಗುಡಾಣ ನೀರು, ಒಂದು ಲೋಟ, ಗೋಣಿ ಪರದೆ, ಕೂರುವುದಕ್ಕೆ ಒಂದು ಬೆಂಚು. ವ್ಯಾಪಾರ ಮಾಡದೆ ಕೂತವರನ್ನು ಎಬ್ಬಿಸಬೇಡಿ. ಫ್ಲೆಕ್ಸಿಗೆ ಚಂದಾ ಕೇಳಲು ಬಂದವರಿಗೆ, ಅದೇ ದುಡ್ಡಿನಲ್ಲಿ ಹೋದವರ ಹೆಸರಿನಲ್ಲಿ ಮೂರು ದಿನ ಮಜ್ಜಿಗೆ ಇಡೋಣ ಅಂತ ಹೇಳಿ ನೋಡಿ. ಹೋದವರ ಹೆಸರು ಹೇಳಿ ಜನ ಕುಡಿಯುತ್ತಾರೆ. ಫ್ಲೆಕ್ಸು ಹದಿನೈದು ದಿನಕ್ಕೆ ಹರಿದು ದನದ ಕೊಟ್ಟಿಗೆಗೆ ಹೊದಿಕೆ ಆಗುತ್ತದೆ.

ಯಾರಾದರೂ ಕುಸಿದರೆ? ಬರೀ ಸುಸ್ತು, ತಲೆಸುತ್ತು, ವಾಕರಿಕೆ, ವಿಪರೀತ ಬೆವರು ಅಂದರೆ ನೆರಳಿಗೆ ಕರೆದುಕೊಂಡು ಹೋಗಿ, ಕಾಲು ಮೇಲಿಟ್ಟು ಮಲಗಿಸಿ, ಗುಟುಕು ಗುಟುಕಾಗಿ ಕುಡಿಸಿದರೆ ಚೇತರಿಸಿಕೊಳ್ಳುತ್ತಾರೆ. ಆದರೆ ಮಾತು ತೊದಲಿದರೆ, ಏನೇನೋ ಬಡಬಡಿಸಿದರೆ, ಮೈ ಕೆಂಡದ ಹಾಗೆ ಕಾದಿದ್ದರೆ, ಪ್ರಜ್ಞೆ ತಪ್ಪಿದರೆ, ಅದು ಬೇರೆ. ಅದು ದೇವರು ಬಂದದ್ದಲ್ಲ, ಬಿಸಿಲು ಮಿದುಳಿಗೆ ಏರಿದ್ದು. ಮೈ 104 ಡಿಗ್ರಿ ದಾಟಿರುತ್ತದೆ. 108ಕ್ಕೆ ಒಬ್ಬರು ಫೋನು ಮಾಡಬೇಕು. ಮಿಕ್ಕವರು ಆಂಬುಲೆನ್ಸು ಬರುವ ತನಕ ಕೈಕಟ್ಟಿ ನಿಲ್ಲಬಾರದು. ಬಟ್ಟೆ ಸಡಿಲಿಸಿ, ಬಿಂದಿಗೆಗಟ್ಟಲೆ ತಣ್ಣೀರು ಮೈಮೇಲೆ ಹುಯ್ದು, ಬೀಸಣಿಗೆಯಲ್ಲೋ ರಟ್ಟಿನಲ್ಲೋ ಜೋರಾಗಿ ಗಾಳಿ ಬೀಸಬೇಕು. ಕಂಕುಳು, ಕುತ್ತಿಗೆ, ತೊಡೆಸಂದಿಗೆ ಐಸ್ ಇಡಬೇಕು. ಜಾತ್ರೆಯಲ್ಲಿ ಐಸ್ ಕ್ಯಾಂಡಿ ಗಾಡಿ ಇದ್ದೇ ಇರುತ್ತದೆ. ಬಾಯಿಗೆ ಏನೂ ಹಾಕಬಾರದು, ಪ್ರಜ್ಞೆ ಇಲ್ಲದವರಿಗೆ ಬಿಟ್ಟ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ತಿಪಟೂರು ಆಸ್ಪತ್ರೆ ಎಷ್ಟೇ ಹತ್ತಿರವಿರಲಿ, ಹಳ್ಳಿ ರಸ್ತೆಯಲ್ಲಿ ಹೋಗುವ ಅರ್ಧ ಗಂಟೆಯಲ್ಲಿ ಕಾದ ಮೈ ಕಾದೇ ಇದ್ದರೆ ಡಾಕ್ಟರ ಕೈಲಿ ಉಳಿಯುವುದು ಕಡಿಮೆ. ಮೊದಲು ತಣಿಸಬೇಕು, ಆಮೇಲೆ ಸಾಗಿಸಬೇಕು. ಹಬ್ಬದ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದವರು, ಆಶಾ ತಾಯಂದಿರು ತೇರಿನ ಬೀದಿಯ ಒಂದು ಮನೆ ಜಗುಲಿಯಲ್ಲಿ ಎರಡು ಮಂಚ, ನಾಲ್ಕು ಕೊಳಗ ನೀರು, ಒಂದು ಮೂಟೆ ಐಸು ಇಟ್ಟುಕೊಂಡು ಕೂತರೆ ಸಾಕು.

ಬಸ್ಸಿನ ಪ್ರಯಾಣಿಕರಾದ ನಮ್ಮ ಓದುಗರದ್ದೂ ಒಂದು ಗೋಳಿದೆ. 2023ರ ಜೂನ್ 11ರಿಂದ ಹೆಂಗಸರಿಗೆ ಟಿಕೆಟ್ ಇಲ್ಲ. ಹಿಂದೆ ಮನೆಯಲ್ಲೇ ಕೂತು ಕೈಮುಗಿಯುತ್ತಿದ್ದ ಅಜ್ಜಿಯರು ಈಗ ಜಾತ್ರೆಗೆ ಹೊರಡುತ್ತಾರೆ. ಬಹಳ ಸಂತೋಷ. ಆದರೆ ಜಾತ್ರೆ ದಿನ ಬಸ್ಸು ಎಷ್ಟು? ಕಿಬ್ಬನಹಳ್ಳಿ ಕ್ರಾಸಿನಂಥ ಕಡೆ ಮಧ್ಯಾಹ್ನ ಎರಡು ಗಂಟೆಗೆ ಬಸ್ಸಿಗೆ ಕಾಯುವ ಮುದುಕಿಗೆ ತೇರಿನ ಬೀದಿಗಿಂತ ಹೆಚ್ಚು ಬಿಸಿಲು ಅಲ್ಲೇ ತಾಗುತ್ತದೆ. ಬಂದ ಬಸ್ಸಿನಲ್ಲಿ ನಿಲ್ಲುವುದಕ್ಕೆ ಜಾಗವಿಲ್ಲ, ಮೇಲೆ ಕಾದ ತಗಡು. ತೇರು ಸಂಜೆಗೆ ಹೋದರೆ ರಾತ್ರಿ ಬಸ್ಸು ಬೇಕಾಗುತ್ತದೆ, ಅದನ್ನು ಈಗಲೇ ಹೇಳಿಬಿಡುತ್ತೇವೆ. ಸಂಜೆ ತೇರಿಗೆ ಒಪ್ಪದ ಹಿರಿಯರ ನಿಜವಾದ ಆತಂಕ ಶಾಸ್ತ್ರವಲ್ಲ, ಕತ್ತಲಲ್ಲಿ ಹೆಂಗಸರು ಮಕ್ಕಳು ಊರಿಗೆ ಹೋಗುವುದು ಹೇಗೆ ಅನ್ನುವುದು. ಅದು ನ್ಯಾಯವಾದ ಪ್ರಶ್ನೆ. ಡಿಪೋದವರು ರಾತ್ರಿ ಒಂಬತ್ತರ ತನಕ ನಾಲ್ಕು ಬಸ್ಸು ಹೆಚ್ಚಿಗೆ ಬಿಡದೆ, ವಿದ್ಯುತ್ತಿನವರು ಬೀದಿ ದೀಪ ಆರದಂತೆ ನೋಡಿಕೊಳ್ಳದೆ, ತೇರು ಸಂಜೆಗೆ ಇಡಿ ಅಂತ ಹಳ್ಳಿಯವರಿಗೆ ಉಪದೇಶ ಮಾಡುವುದು ಸರಿಯಲ್ಲ.

ಪ್ರತಿ ಜಾತ್ರೆಗೆ ಮುಂಚೆ ಪೂರ್ವಭಾವಿ ಸಭೆ ಅಂತ ಒಂದು ನಡೆಯುತ್ತದೆ. ತಹಸೀಲ್ದಾರರು, ಸಬ್ ಇನ್‌ಸ್ಪೆಕ್ಟರು, ಪಂಚಾಯ್ತಿ ಪಿಡಿಓ, ಗುಡಿ ಪಾರುಪತ್ತೇದಾರರು, ಊರ ಗೌಡರು ಕೂರುತ್ತಾರೆ. ಅಂಗಡಿ ಹರಾಜು, ಯಾರ ಮನೆ ಆರತಿ ಮುಂದೆ, ಯಾರ ಅಡ್ಡೆ ಬಲಗಡೆ ಅನ್ನುವುದರಲ್ಲೇ ಟೀ ಬಿಸ್ಕತ್ತು ಮುಗಿಯುತ್ತದೆ. ಮುಜರಾಯಿಯ ಸಿ ದರ್ಜೆ ಗುಡಿಗಳಿಗೆ ಬರುವ ತಸ್ತೀಕು ಪೂಜೆಗೇ ಸಾಲದು, ನಮಗೆ ಗೊತ್ತು. ನಾವು ಕೇಳುತ್ತಿರುವುದಕ್ಕೆ ಹೆಚ್ಚು ಹಣ ಬೇಕಾಗಿಲ್ಲ. ಈ ಸಲದ ಸಭೆಯ ನಡಾವಳಿ ಪುಸ್ತಕದಲ್ಲಿ ಬಿಸಿಲು ಅಂತ ಒಂದು ಕಲಂ ಬರಲಿ: ತೇರು ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಮತ್ತೆ ಹೊರಡುತ್ತದೆ, ಅಡ್ಡೆ ಹೊರುವವರಿಗೆ ಹೆಗಲು ಬದಲಿ ಯಾರು, ನೀರಿನ ಟ್ಯಾಂಕರು ಎಲ್ಲಿ ನಿಲ್ಲುತ್ತದೆ, ಆಂಬುಲೆನ್ಸಿಗೆ ಯಾವ ಬೀದಿ ಖಾಲಿ ಬಿಡುತ್ತಾರೆ, ಕೊನೇ ಬಸ್ಸು ಎಷ್ಟು ಗಂಟೆಗೆ. ಹಿಂದಿನ ವರ್ಷ ಜಾತ್ರೆಯಲ್ಲಿ ಕುಸಿದವರು ಇದ್ದರೆ ಅವರ ಹೆಸರು, ವಯಸ್ಸು, ಬಿದ್ದ ಹೊತ್ತು ಕೂಡ ಅದೇ ಪುಟದಲ್ಲಿ ಬರೆಯಲಿ. ಸಭೆ ಶುರುವಾಗುವಾಗ ಎದ್ದು ನಿಂತು ಆ ಹೆಸರುಗಳನ್ನು ಓದಲಿ. ಆಮೇಲೆ ಕೂತು ಲಗ್ನದ ಮಾತು ತೆಗೆಯಲಿ.

ಆ ಪುಸ್ತಕ ಪಂಚಾಯ್ತಿ ಕಚೇರಿಯಲ್ಲಿ ಸಾರ್ವಜನಿಕರ ಕೈಗೆ ಸಿಗಬೇಕಾದದ್ದು. ಕರಪತ್ರ ಅಚ್ಚಾಗುವ ಮುಂಚೆ ನಮ್ಮ ವರದಿಗಾರರು ಬಂದು ಕೇಳುತ್ತಾರೆ.